ಭೂವಿಜ್ಞಾನ ಪರೀಕ್ಷೆ: ಮಂಡ್ಯ, ಮದ್ದೂರು, ಮಳವಳ್ಳಿಯ ನೆಲವೇ ಪಠ್ಯ

ಭೂವಿಜ್ಞಾನದಲ್ಲಿ ಪದವಿ ಪಡೆದು ಸ್ಪರ್ಧಾತ್ಮಕ ಪರೀಕ್ಷೆಗೆ ಸಿದ್ಧರಾಗುವ ನಮ್ಮ ವಿದ್ಯಾರ್ಥಿಗಳಿಗೆ ಎದುರಾಗುವ ದೊಡ್ಡ ತೊಡಕು ವಿಷಯದ ಕಠಿಣತೆಯಲ್ಲ, ಉದಾಹರಣೆಗಳ ದೂರ. ಪುಸ್ತಕದ ಮಡಿಕೆಗಳು ಆಲ್ಪ್ಸ್ ಪರ್ವತದವು, ರೂಪಾಂತರ ವಲಯಗಳು ಸ್ಕಾಟ್ಲೆಂಡಿನವು, ಜಲಪಾತ ನಯಾಗರಾದ್ದು. ಕಾಣದ ನೆಲದ ವಿವರಗಳನ್ನು ಕಂಠಪಾಠ ಮಾಡಿದವರು ಪ್ರಶ್ನೆಯ ರೂಪ ಸ್ವಲ್ಪ ಬದಲಾದರೂ ತಡವರಿಸುತ್ತಾರೆ.

ಹಳೇ ಮೈಸೂರು ಭಾಗದ ಅಭ್ಯರ್ಥಿಗಳಿಗೆ ಈ ಕೊರತೆ ಇರಬೇಕಾಗಿಲ್ಲ. ಮಂಡ್ಯ, ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳ ಸುತ್ತಮುತ್ತ ಒಂದು ದಿನದ ಬಸ್ ಪ್ರಯಾಣದ ಅಳತೆಯಲ್ಲಿ ಪಠ್ಯಕ್ರಮದ ಬಹುಪಾಲು ಅಧ್ಯಾಯಗಳು ಬಯಲಿನಲ್ಲೇ ಬಿಚ್ಚಿಕೊಂಡಿವೆ. ಪರೀಕ್ಷೆಗಳ ಸ್ವರೂಪವನ್ನೂ ಈ ನೆಲವನ್ನು ಓದಿಕೊಳ್ಳುವ ಕ್ರಮವನ್ನೂ ಇಲ್ಲಿ ಒಟ್ಟಾಗಿ ನೀಡಲಾಗಿದೆ.

ಯಾವ ಯಾವ ಪರೀಕ್ಷೆಗಳು?

ಮೊದಲನೆಯದು ಕೇಂದ್ರ ಲೋಕಸೇವಾ ಆಯೋಗ ನಡೆಸುವ ಕಂಬೈನ್ಡ್ ಜಿಯೋ-ಸೈಂಟಿಸ್ಟ್ ಪರೀಕ್ಷೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಭೂವಿಜ್ಞಾನಿ, ಭೂಭೌತವಿಜ್ಞಾನಿ, ರಸಾಯನವಿಜ್ಞಾನಿ ಹುದ್ದೆಗಳಿಗೂ ಕೇಂದ್ರೀಯ ಅಂತರ್ಜಲ ಮಂಡಳಿಯ ವಿಜ್ಞಾನಿ ಹುದ್ದೆಗಳಿಗೂ ಇದೇ ದ್ವಾರ. ಭೂವಿಜ್ಞಾನಿ ಹುದ್ದೆಗೆ ಸಂಬಂಧಿಸಿದ ಸ್ನಾತಕೋತ್ತರ ಪದವಿ ಅಗತ್ಯ. ವಯೋಮಿತಿ 21ರಿಂದ 32 ವರ್ಷ. ಮೀಸಲು ವರ್ಗಗಳಿಗೆ ನಿಯಮಾನುಸಾರ ಸಡಿಲಿಕೆ ಉಂಟು.

2020ರಿಂದ ಇದು ಮೂರು ಹಂತಗಳಲ್ಲಿ ನಡೆಯುತ್ತಿದೆ. ಪೂರ್ವಭಾವಿ ಹಂತದಲ್ಲಿ 100 ಅಂಕಗಳ ಸಾಮಾನ್ಯ ಅಧ್ಯಯನ ಮತ್ತು 300 ಅಂಕಗಳ ವಿಷಯ ಪತ್ರಿಕೆ. ಎರಡೂ ವಸ್ತುನಿಷ್ಠ ಮಾದರಿ, ತಲಾ ಎರಡು ಗಂಟೆ. ಮುಖ್ಯ ಪರೀಕ್ಷೆಯಲ್ಲಿ ತಲಾ 200 ಅಂಕಗಳ ಮೂರು ವಿವರಣಾತ್ಮಕ ಪತ್ರಿಕೆಗಳು, ತಲಾ ಮೂರು ಗಂಟೆ. ಕೊನೆಗೆ 200 ಅಂಕಗಳ ಸಂದರ್ಶನ. ಒಟ್ಟು 1,200 ಅಂಕ. ನಾಗರಿಕ ಸೇವಾ ಪರೀಕ್ಷೆಗೆ ಭಿನ್ನವಾಗಿ, ಇಲ್ಲಿ ಪೂರ್ವಭಾವಿ ಹಂತದ ಅಂಕಗಳೂ ಅಂತಿಮ ಪಟ್ಟಿಗೆ ಸೇರುತ್ತವೆ. ಆದ್ದರಿಂದ ಪೂರ್ವಭಾವಿಯನ್ನು ‘ಪಾಸಾದರೆ ಸಾಕು’ ಎಂದು ಕಾಣುವುದು ತಪ್ಪು. ತಪ್ಪು ಉತ್ತರಕ್ಕೆ ಮೂರನೇ ಒಂದರಷ್ಟು ಅಂಕ ಕಳೆಯಲಾಗುತ್ತದೆ. ಇತ್ತೀಚಿನ ವರ್ಷಗಳಲ್ಲಿ ಸೆಪ್ಟೆಂಬರ್‌ನಲ್ಲಿ ಅಧಿಸೂಚನೆ, ಫೆಬ್ರುವರಿಯಲ್ಲಿ ಪೂರ್ವಭಾವಿ, ಜೂನ್‌ನಲ್ಲಿ ಮುಖ್ಯ ಪರೀಕ್ಷೆ ನಡೆಯುತ್ತಿವೆ.

ಎರಡನೆಯದು ಗೇಟ್. ಮೂರು ಗಂಟೆ, 100 ಅಂಕ, ಅದರಲ್ಲಿ 15 ಅಂಕ ಸಾಮಾನ್ಯ ಸಾಮರ್ಥ್ಯಕ್ಕೆ. ಭೂವಿಜ್ಞಾನ ಮತ್ತು ಭೂಭೌತವಿಜ್ಞಾನಕ್ಕೆ ಒಂದೇ ಪತ್ರಿಕೆಯಿದ್ದು, ಸಾಮಾನ್ಯ ಭಾಗದ ನಂತರ ಅಭ್ಯರ್ಥಿಯು ತನ್ನ ವಿಭಾಗವನ್ನು ಆರಿಸಿಕೊಳ್ಳಬೇಕು. ಅಂಕಪಟ್ಟಿ ಮೂರು ವರ್ಷ ಊರ್ಜಿತ. ಬಹು ಆಯ್ಕೆಯ ಪ್ರಶ್ನೆಗಳಿಗೆ ಋಣಾತ್ಮಕ ಅಂಕ ಉಂಟು. ಲೆಕ್ಕ ಮಾಡಿ ಸಂಖ್ಯೆ ತುಂಬುವ ಪ್ರಶ್ನೆಗಳಿಗೆ ಇಲ್ಲ.

ಇವಲ್ಲದೆ, ಬಿ.ಎಸ್ಸಿ. ಮುಗಿಸಿ ಐಐಟಿಗಳಲ್ಲಿ ಎಂ.ಎಸ್ಸಿ. ಸೇರಬಯಸುವವರಿಗೆ ಜ್ಯಾಮ್, ಸಂಶೋಧನೆ ಮತ್ತು ಬೋಧನೆಗೆ ಭೂ, ವಾಯುಮಂಡಲ, ಸಾಗರ ಮತ್ತು ಗ್ರಹ ವಿಜ್ಞಾನಗಳ ಸಿಎಸ್ಐಆರ್-ನೆಟ್, ರಾಜ್ಯದ ಕಾಲೇಜುಗಳ ಸಹಾಯಕ ಪ್ರಾಧ್ಯಾಪಕ ಅರ್ಹತೆಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಕೆ-ಸೆಟ್ ಇವೆ. ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆ ಹಾಗೂ ಅಂತರ್ಜಲ ನಿರ್ದೇಶನಾಲಯದ ಹುದ್ದೆಗಳಿಗೆ ನೇಮಕಾತಿ ಪ್ರತಿವರ್ಷವೂ ಇರುವುದಿಲ್ಲ, ಅಧಿಸೂಚನೆಗಳನ್ನು ಗಮನಿಸುತ್ತಿರಬೇಕು.

ಮೊದಲ ಪಾಠ ನಕ್ಷೆಯದು

ಸರ್ವೆ ಆಫ್ ಇಂಡಿಯಾದ ಸ್ಥಳವಿವರ ನಕ್ಷೆಗಳ ಸಂಖ್ಯಾಕ್ರಮ ಬಹುತೇಕ ಎಲ್ಲ ಪರೀಕ್ಷೆಗಳಿಗೂ ಬೇಕಾದ ವಿಷಯ. ಅದನ್ನು ಈ ಮೂರು ಊರುಗಳಿಂದಲೇ ಕಲಿಯಬಹುದು. 57ನೇ ಸಂಖ್ಯೆಯ ಹಾಳೆ ಪೂರ್ವ ರೇಖಾಂಶ 76ರಿಂದ 80 ಡಿಗ್ರಿ, ಉತ್ತರ ಅಕ್ಷಾಂಶ 12ರಿಂದ 16 ಡಿಗ್ರಿವರೆಗಿನ ಪ್ರದೇಶವನ್ನು ಒಳಗೊಳ್ಳುತ್ತದೆ. ಅದನ್ನು ಎ ಯಿಂದ ಪಿ ವರೆಗೆ ಹದಿನಾರು ಭಾಗ ಮಾಡಿದಾಗ ಪ್ರತಿಯೊಂದೂ ಒಂದು ಡಿಗ್ರಿ ಚೌಕ. ಅದನ್ನು ಮತ್ತೆ ಹದಿನಾರು ಮಾಡಿದರೆ 15 ಮಿನಿಟುಗಳ, 1:50,000 ಪ್ರಮಾಣದ ನಕ್ಷೆ ದೊರೆಯುತ್ತದೆ.

77 ಡಿಗ್ರಿ ರೇಖಾಂಶ ಮಂಡ್ಯ ಮತ್ತು ಮದ್ದೂರು ಪಟ್ಟಣಗಳ ನಡುವೆ ಹಾದುಹೋಗುತ್ತದೆ. ಹೀಗಾಗಿ ಮಂಡ್ಯ ಪಟ್ಟಣ 57ಡಿ/14ರಲ್ಲಿದ್ದರೆ, ಮದ್ದೂರು 57ಎಚ್/2ರಲ್ಲಿ, ಮಳವಳ್ಳಿ ಮತ್ತು ಶಿವನಸಮುದ್ರ 57ಎಚ್/3ರಲ್ಲಿವೆ. ಏಕೆ ಹೀಗೆಂದು ಕಾಗದದ ಮೇಲೆ ಚೌಕ ಎಳೆದು ಒಮ್ಮೆ ಕಂಡುಕೊಂಡವರು ಮತ್ತೆಂದೂ ಮರೆಯಲಾರರು. 2005ರ ರಾಷ್ಟ್ರೀಯ ನಕ್ಷಾ ನೀತಿಯ ನಂತರ ಬಂದ ಸಾರ್ವಜನಿಕ ನಕ್ಷೆಗಳಿಗೆ ಬೇರೆ ಸಂಖ್ಯಾಕ್ರಮವಿದೆ ಎಂಬುದೂ ತಿಳಿದಿರಲಿ.

ಈ ಪ್ರಮಾಣದಲ್ಲಿ ನಕ್ಷೆಯ 2 ಸೆಂ.ಮೀ. ನೆಲದ ಮೇಲೆ 1 ಕಿ.ಮೀ. ಆಗುತ್ತದೆ. ಸಮೋನ್ನತಿ ರೇಖೆಗಳ ಅಂತರ ಸಾಮಾನ್ಯವಾಗಿ 20 ಮೀಟರ್. 4 ಸೆಂ.ಮೀ. ಉದ್ದಕ್ಕೆ ಐದು ಅಂತರ ದಾಟಿದರೆ, 2,000 ಮೀಟರಿಗೆ 100 ಮೀಟರ್ ಏರಿಕೆ. ಇಳಿಜಾರು 20ಕ್ಕೆ 1. ಗೇಟ್ ಪರೀಕ್ಷೆಯ ಸಂಖ್ಯಾ ಪ್ರಶ್ನೆಗಳು ಹಲವು ಬಾರಿ ಇಷ್ಟೇ ಸರಳವಾಗಿರುತ್ತವೆ. ಭೂವೈಜ್ಞಾನಿಕ ನಕ್ಷೆಗಳು ಸರ್ವೇಕ್ಷಣಾ ಸಂಸ್ಥೆಯ ‘ಭೂಕೋಶ್’ ಜಾಲತಾಣದಲ್ಲಿ ಲಭ್ಯ.

ಮಂಡ್ಯ: ಹಾಸುಬಂಡೆಯಿಂದ ಲಿಥಿಯಂವರೆಗೆ

ಮಂಡ್ಯ ಸೀಮೆಯ ತಳಹದಿ ಪೆನಿನ್ಸುಲರ್ ನೈಸ್ ಎಂಬ ಪಟ್ಟೆಪಟ್ಟೆಯ ಶಿಲೆ. ಈ ಹೆಸರನ್ನು ಬಳಕೆಗೆ ತಂದವರು ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಡಬ್ಲ್ಯು.ಎಫ್. ಸ್ಮೀತ್, 1916ರಲ್ಲಿ. ಇದರ ವಯಸ್ಸು ಸ್ಥೂಲವಾಗಿ 340 ಕೋಟಿಯಿಂದ 300 ಕೋಟಿ ವರ್ಷ. ಬೆಂಗಳೂರಿನ ಲಾಲ್‌ಬಾಗ್ ಬಂಡೆಯೂ ಇದೇ ವರ್ಗದ್ದಾಗಿದ್ದು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆನಿಸಿದೆ. ಹೊಲದ ನಡುವಿನ ಯಾವುದೇ ಹಾಸುಬಂಡೆಯ ಮೇಲೆ ನಿಂತರೂ ಬಿಳಿ–ಕಪ್ಪು ಪಟ್ಟೆಗಳ ದಿಕ್ಕನ್ನೂ ಓಲುವಿಕೆಯನ್ನೂ ಅಳೆಯಬಹುದು. ಪಟ್ಟೆಗಳು ಹೆಚ್ಚಾಗಿ ಉತ್ತರ–ದಕ್ಷಿಣದ ಆಸುಪಾಸಿನಲ್ಲಿ ಚಾಚಿರುವುದು ಹತ್ತು ಕಡೆ ಅಳೆದವರಿಗೆ ತಾನಾಗಿ ತಿಳಿಯುತ್ತದೆ. ರಾಚನಿಕ ಭೂವಿಜ್ಞಾನದ ಸ್ಟೀರಿಯೋನೆಟ್ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಅಂಕಿಅಂಶ ಬೇಕಿಲ್ಲ.

ನೈಸ್ ಶಿಲೆಯ ನಡುವೆ ಷಿಸ್ಟ್ ಶಿಲೆಗಳ ಪಟ್ಟಿಗಳಿವೆ. ನಾಗಮಂಗಲದ ಪಟ್ಟಿ, ಶ್ರೀರಂಗಪಟ್ಟಣದ ಬಳಿಯ ಕರಿಘಟ್ಟದ ಪಟ್ಟಿ ಇದಕ್ಕೆ ಉದಾಹರಣೆ. ಸರಗೂರು ಸಮೂಹ ಮತ್ತು ಧಾರವಾಡ ಮಹಾಸಮೂಹಗಳ ವ್ಯತ್ಯಾಸ ಪದೇ ಪದೇ ಕೇಳಲಾಗುವ ಪ್ರಶ್ನೆ. ಸರಗೂರು ಹಳೆಯದು, ಬಹುಮಟ್ಟಿಗೆ ನೈಸ್ ಶಿಲೆಯೊಳಗೆ ಸಿಕ್ಕಿಕೊಂಡ ತುಣುಕುಗಳಾಗಿ ಉಳಿದಿರುವಂಥದು. ಧಾರವಾಡ ಮಹಾಸಮೂಹ ಆ ನೈಸ್ ತಳಹದಿಯ ಮೇಲೆ ನಂತರ ಸಂಚಯಗೊಂಡದ್ದು.

ಮಂಡ್ಯದ ಹೆಸರು ಭೂವಿಜ್ಞಾನದ ಸಾಹಿತ್ಯದಲ್ಲಿ ಇನ್ನೊಂದು ಕಾರಣಕ್ಕೆ ನಿಂತಿದೆ. ಧಾರವಾಡ ಭೂಖಂಡವನ್ನು ಪೂರ್ವ ಮತ್ತು ಪಶ್ಚಿಮ ಭಾಗಗಳಾಗಿ ಬೇರ್ಪಡಿಸುವ ಗಡಿಯನ್ನು ‘ಗದಗ–ಮಂಡ್ಯ ಶಿಯರ್ ವಲಯ’ ಎಂದೂ ಕರೆಯುತ್ತಾರೆ. ಚಿತ್ರದುರ್ಗ ಷಿಸ್ಟ್ ಪಟ್ಟಿಯ ಪೂರ್ವ ಅಂಚನ್ನು ಹಿಡಿದು ದಕ್ಷಿಣಕ್ಕೆ ಸಾಗುವ ಸೀಳು ಅದು. ಹಳೆಯ ಪುಸ್ತಕಗಳು ಕ್ಲೋಸ್‌ಪೇಟೆ ಗ್ರಾನೈಟನ್ನೇ ಗಡಿಯೆಂದು ಹೇಳುತ್ತವೆ. ಈ ಎರಡು ಗೆರೆಗಳ ನಡುವೆ ಇರುವುದು ಮದ್ದೂರು. ಹಳೆಯ ಲೆಕ್ಕದಲ್ಲಿ ಅದು ಪಶ್ಚಿಮಕ್ಕೆ ಸೇರಿದರೆ ಹೊಸ ಲೆಕ್ಕದಲ್ಲಿ ಪೂರ್ವಕ್ಕೆ! ವಿವರಣಾತ್ಮಕ ಉತ್ತರದಲ್ಲಿ ಎರಡೂ ಮತಗಳನ್ನು ಹೇಳಿ, ಇತ್ತೀಚಿನದನ್ನು ಸಕಾರಣವಾಗಿ ಎತ್ತಿಹಿಡಿಯುವುದು ಸೂಕ್ತ.

ಆರ್ಥಿಕ ಭೂವಿಜ್ಞಾನಕ್ಕೂ ಜಿಲ್ಲೆ ಪಾಠ ಒದಗಿಸಿದೆ. ಮಂಡ್ಯ ಜಿಲ್ಲೆಯ ಮರಳಗಾಲ–ಅಲ್ಲಾಪಟ್ಟಣ ಪ್ರದೇಶದಲ್ಲಿ ಪರಮಾಣು ಖನಿಜ ನಿರ್ದೇಶನಾಲಯ ಲಿಥಿಯಂ ಪತ್ತೆ ಮಾಡಿತು. 2020ರಲ್ಲಿ 14,100 ಟನ್ ಎಂಬ ಅಂದಾಜು ಸುದ್ದಿಯಾಯಿತು. 2021ರಲ್ಲಿ ಕೇಂದ್ರ ಸರ್ಕಾರ ಪ್ರಾಥಮಿಕ ಸಮೀಕ್ಷೆಯ ಆಧಾರದ ಮೇಲೆ ನೀಡಿದ ಅಂಕಿ 1,600 ಟನ್. ಈ ಇಳಿಕೆಯೇ ಅಭ್ಯರ್ಥಿಗೆ ಪಾಠ. ‘ಸಂಪನ್ಮೂಲ’ ಬೇರೆ, ಲಾಭದಾಯಕವಾಗಿ ತೆಗೆಯಬಹುದಾದ ‘ನಿಕ್ಷೇಪ’ ಬೇರೆ. ಸಮೀಕ್ಷೆ ಮುಂದುವರಿದಂತೆ ಅಂಕಿ ಏರಲೂಬಹುದು, ಇಳಿಯಲೂಬಹುದು. ಲಿಥಿಯಂ ಇರುವ ಪೆಗ್ಮಟೈಟ್ ಎಂದರೆ ಶಿಲಾಪಾಕದ ಕಡೆಯ ಉಳಿಕೆ ಗಟ್ಟಿಯಾಗಿ ಆದ ದಪ್ಪ ಹರಳಿನ ಶಿಲೆ. ಅದರ ಬೆಣಚು, ಫೆಲ್ಡ್‌ಸ್ಪಾರ್ ಮತ್ತು ಹಳ್ಳಿಗರು ಕಾಗೆಬಂಗಾರ ಎನ್ನುವ ಅಭ್ರಕ ಕೈಯಲ್ಲಿ ಹಿಡಿದು ಗುರುತಿಸಲು ಸುಲಭ.

ಮದ್ದೂರು: ಗ್ರಾನೈಟ್, ಶಿಂಷಾ, ನಾಲೆ

ಮದ್ದೂರಿನಿಂದ ಬೆಂಗಳೂರಿನತ್ತ ರೈಲಿನಲ್ಲಿ ಸಾಗಿದರೆ ಚನ್ನಪಟ್ಟಣ ದಾಟಿ ರಾಮನಗರದ ಹೊತ್ತಿಗೆ ನೋಟ ಬದಲಾಗುತ್ತದೆ. ಬಯಲಿನ ನಡುವೆ ಬೋಳು ಗುಡ್ಡಗಳು ಏಳುತ್ತವೆ. ಇದೇ ಕ್ಲೋಸ್‌ಪೇಟೆ ಗ್ರಾನೈಟ್. ರಾಮನಗರದ ಹಳೆಯ ಹೆಸರಾದ ಕ್ಲೋಸ್‌ಪೇಟೆಯಿಂದ ಇದಕ್ಕೆ ಈ ಹೆಸರು ಬಂದಿತು. ಉತ್ತರ–ದಕ್ಷಿಣವಾಗಿ ಸುಮಾರು 400 ಕಿ.ಮೀ. ಚಾಚಿರುವ ಈ ಪಟ್ಟಿಯ ವಯಸ್ಸು ಸುಮಾರು 250 ಕೋಟಿ ವರ್ಷ. ಬೆರಳುದ್ದದ ಗುಲಾಬಿ ಫೆಲ್ಡ್‌ಸ್ಪಾರ್ ಹರಳುಗಳು ಸಣ್ಣ ಕಣಗಳ ನಡುವೆ ಕುಳಿತಿರುವುದನ್ನು ನೋಡಿದವರಿಗೆ ‘ಪಾರ್ಫಿರಿಟಿಕ್’ ಎಂಬ ಪದದ ಅರ್ಥವನ್ನು ಬೇರೆ ಹೇಳಬೇಕಿಲ್ಲ. ಬಂಡೆ ಈರುಳ್ಳಿ ಸಿಪ್ಪೆಯಂತೆ ಕಳಚುವುದು, ಗುಂಡುಗಲ್ಲುಗಳು ಒಂದರ ಮೇಲೊಂದು ನಿಲ್ಲುವುದು ಶಿಥಿಲೀಕರಣದ ಅಧ್ಯಾಯದ ಚಿತ್ರಗಳು. ಅಲ್ಲಲ್ಲಿ ನೈಸ್ ಮತ್ತು ಗ್ರಾನೈಟುಗಳನ್ನು ಕತ್ತರಿಸಿ ಹಾದ ಕರಿಕಲ್ಲಿನ ಡೈಕುಗಳು, ಕತ್ತರಿಸಿದ್ದು ಕತ್ತರಿಸಿಕೊಂಡದ್ದಕ್ಕಿಂತ ಕಿರಿಯದು ಎಂಬ ಕಾಲಾನುಕ್ರಮದ ನಿಯಮಕ್ಕೆ ಸಾಕ್ಷಿ.

ತುಮಕೂರು ಜಿಲ್ಲೆಯ ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಶಿಂಷಾ, ಮದ್ದೂರನ್ನು ಹಾದು ಮಳವಳ್ಳಿ ಸೀಮೆಯಲ್ಲಿ ಕಾವೇರಿಯನ್ನು ಸೇರುತ್ತದೆ. ಅದರ ಉಪಹಳ್ಳಗಳನ್ನು ನಕ್ಷೆಯಲ್ಲಿ ಗುರುತಿಸಿ, ಹೊಳೆಯ ಶ್ರೇಣಿಗಳನ್ನು ಎಣಿಸಿ, ಕವಲೊಡೆಯುವ ಅನುಪಾತ ತೆಗೆಯುವುದು ಭೂರೂಪವಿಜ್ಞಾನದ ಒಳ್ಳೆಯ ಅಭ್ಯಾಸ.

ಕೃಷ್ಣರಾಜಸಾಗರದಿಂದ ಹೊರಡುವ ವಿಶ್ವೇಶ್ವರಯ್ಯ ನಾಲೆ ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಗದ್ದೆಗಳಿಗೆ ನೀರುಣಿಸುತ್ತದೆ. ಹುಲಿಕೆರೆಯ ಬಳಿ ನಾಲೆಯನ್ನು ಸುರಂಗದ ಮೂಲಕ ಹಾಯಿಸಲಾಗಿದೆ. 1911ರಲ್ಲಿ ಆರಂಭವಾಗಿ 1930ರ ದಶಕದ ಮೊದಲ ವರ್ಷಗಳಲ್ಲಿ ಮುಗಿದ ಅಣೆಕಟ್ಟೆ ಸುರ್ಕಿ ಗಾರೆಯಿಂದ ಕಟ್ಟಿದ ಕಲ್ಲಿನ ಗುರುತ್ವ ಕಟ್ಟೆ. ಇಂಥ ಕಟ್ಟೆ ತನ್ನ ಭಾರದಿಂದಲೇ ನೀರಿನ ಒತ್ತಡವನ್ನು ತಡೆಯುವುದರಿಂದ ಗಟ್ಟಿ ಶಿಲೆಯ ಅಡಿಪಾಯ ಅನಿವಾರ್ಯ. ಬೇಬಿ ಬೆಟ್ಟದ ಕಲ್ಲು ಗಣಿಗಾರಿಕೆಯಿಂದ ಅಣೆಕಟ್ಟೆಗೆ ಅಪಾಯವಿದೆಯೇ ಎಂಬ ವಿವಾದ ನ್ಯಾಯಾಲಯದವರೆಗೂ ಹೋದದ್ದನ್ನು ಓದುಗರು ಬಲ್ಲರು. ಸಿಡಿತದ ಕಂಪನ ಶಿಲೆಯಲ್ಲಿ ಹೇಗೆ ಹರಡುತ್ತದೆ, ದೂರಕ್ಕೆ ಹೇಗೆ ಕುಗ್ಗುತ್ತದೆ, ಬಿರುಕುಗಳು ಅದನ್ನು ಹೇಗೆ ಮಾರ್ಪಡಿಸುತ್ತವೆ ಎಂಬುದನ್ನು ಪರ–ವಿರೋಧದ ಆವೇಶವಿಲ್ಲದೆ ಬರೆಯಬಲ್ಲವರೇ ಎಂಜಿನಿಯರಿಂಗ್ ಭೂವಿಜ್ಞಾನದ ಉತ್ತರ ಬಲ್ಲವರು.

ಮಳವಳ್ಳಿ: ಜಲಪಾತ ಮತ್ತು ‘ಆಗುತ್ತಿರುವ’ ಚಾರ್ನೊಕೈಟ್

ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಕಾವೇರಿ ಕವಲೊಡೆದು ಗಗನಚುಕ್ಕಿ, ಭರಚುಕ್ಕಿಗಳಾಗಿ ಧುಮುಕುತ್ತದೆ. 1902ರಲ್ಲಿ ಇಲ್ಲಿಂದಲೇ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿಯಿತು. ಪ್ರವಾಸಿಗೆ ಇದು ಸೊಬಗು; ಭೂವಿಜ್ಞಾನದ ವಿದ್ಯಾರ್ಥಿಗೆ ಪ್ರಶ್ನೆ. ಕೋಟ್ಯಂತರ ವರ್ಷ ಸವೆದು ಸಮತಟ್ಟಾದ ಪ್ರಸ್ಥಭೂಮಿಯಲ್ಲಿ ನದಿ ಹೀಗೆ ಏಕಾಏಕಿ ಬೀಳುವುದೇಕೆ? ನದಿಯ ಉದ್ದ ಛೇದದಲ್ಲಿ ಬರುವ ಇಂಥ ಮುರಿವನ್ನು ನಿಕ್ ಪಾಯಿಂಟ್ ಎನ್ನುತ್ತಾರೆ. ನೆಲ ಮೇಲೆದ್ದು ನದಿ ಮರುಯೌವನ ಪಡೆದಿರುವುದರ ಕುರುಹು ಅದು. ಭೂವಿಜ್ಞಾನಿ ಕೆ.ಎಸ್. ವಾಲ್ದಿಯಾ ಮತ್ತು ಸಹಲೇಖಕರು 2000ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಲ್ಲಿನ ಸ್ತರಭಂಗಗಳು ಭೂಇತಿಹಾಸದ ಇತ್ತೀಚಿನ ಅವಧಿಯಲ್ಲಿ ಮತ್ತೆ ಚಲಿಸಿ ಕಾವೇರಿಯ ಹರಿವಿಗೆ ತಡೆಯಾದವೆಂದೂ ಮೇಲ್ಭಾಗದಲ್ಲಿ ದೊಡ್ಡ ಸರೋವರಗಳು ಉಂಟಾಗಿದ್ದವೆಂದೂ ವಾದಿಸಿದರು. ‘ದಕ್ಷಿಣ ಪ್ರಸ್ಥಭೂಮಿ ಸ್ಥಿರ’ ಎಂದು ಒಂದೇ ಸಾಲಿನಲ್ಲಿ ಬರೆದುಬಿಡುವ ಅಭ್ಯರ್ಥಿಗೆ ಇದು ಎಚ್ಚರಿಕೆ.

ಮಳವಳ್ಳಿಯಿಂದ ಕನಕಪುರದ ರಸ್ತೆಯಲ್ಲಿ ಹಲಗೂರು ದಾಟಿ ಸಾತನೂರಿನ ಸಮೀಪ ಕಬ್ಬಾಳು ಇದೆ. ಜಗತ್ತಿನ ರೂಪಾಂತರ ಶಿಲಾವಿಜ್ಞಾನದಲ್ಲಿ ಈ ಹಳ್ಳಿಯ ಹೆಸರು ಚಿರಪರಿಚಿತ. ಸಿ.ಎಸ್. ಪಿಚ್ಚಮುತ್ತು ಅವರು 1960ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದ ಚಿಕ್ಕ ಲೇಖನದಲ್ಲಿ, ಬೂದುಬಣ್ಣದ ನೈಸ್ ಶಿಲೆ ಅಲ್ಲಲ್ಲಿ ಕಪ್ಪು-ಹಸಿರು ಛಾಯೆಯ ಚಾರ್ನೊಕೈಟ್ ಆಗಿ ಮಾರ್ಪಡುತ್ತಿದ್ದ ಸ್ಥಿತಿ ಇಲ್ಲಿ ಉಳಿದಿರುವುದನ್ನು ತೋರಿಸಿದರು. ಕಡಿಮೆ ನೀರಿನಂಶದ, ಇಂಗಾಲದ ಡೈಆಕ್ಸೈಡ್ ಹೆಚ್ಚಿರುವ ದ್ರವಗಳು ಸೀಳುಗಳಗುಂಟ ಹರಿದು ಅಭ್ರಕ ಮತ್ತು ಹಾರ್ನ್‌ಬ್ಲೆಂಡ್ ಅಳಿದು ಆರ್ಥೋಪೈರಾಕ್ಸೀನ್ ಹುಟ್ಟಿತು ಎಂಬುದು ಹೆಚ್ಚಾಗಿ ಒಪ್ಪಿತವಾದ ವಿವರಣೆ. ಧಾರವಾಡ ಭೂಖಂಡದಲ್ಲಿ ಉತ್ತರದಿಂದ ದಕ್ಷಿಣಕ್ಕೆ ಹೋದಂತೆ ರೂಪಾಂತರದ ಮಟ್ಟ ಗ್ರೀನ್‌ಷಿಸ್ಟ್‌ನಿಂದ ಆಂಫಿಬೊಲೈಟ್, ಅಲ್ಲಿಂದ ಗ್ರಾನ್ಯುಲೈಟ್‌ಗೆ ಏರುತ್ತದೆ. ಆ ಕೊನೆಯ ಹೊಸ್ತಿಲು ಇರುವುದು ಈ ಸೀಮೆಯಲ್ಲಿ. ದಕ್ಷಿಣದ ಬಿಳಿಗಿರಿರಂಗನ ಬೆಟ್ಟಗಳು ಹೊಸ್ತಿಲ ಆಚೆಯವು.

ಕೊಳವೆಬಾವಿಯ ಲೆಕ್ಕ

ಅಂತರ್ಜಲ ಈ ಮೂರು ತಾಲ್ಲೂಕುಗಳಲ್ಲಿ ಪರೀಕ್ಷೆಯ ವಿಷಯವಷ್ಟೇ ಅಲ್ಲ, ಜೀವನದ ವಿಷಯ. ನಾಲೆಯ ನೀರು ತಲುಪುವ ಕಡೆ ಜೌಗು ಮತ್ತು ಸವುಳು. ತಲುಪದ ಕಡೆ ಬತ್ತಿದ ಕೊಳವೆಬಾವಿ. ಗಟ್ಟಿ ಶಿಲೆಗೆ ತನ್ನದೇ ರಂಧ್ರಗಳು ಅತ್ಯಲ್ಪ. ನೀರು ನಿಲ್ಲುವುದು ಮೇಲಿನ ಶಿಥಿಲ ಪದರದಲ್ಲಿ ಮತ್ತು ಅದರ ಕೆಳಗಿನ ಬಿರುಕುಗಳಲ್ಲಿ. ಪಕ್ಕದ ಹೊಲದಲ್ಲಿ ನೀರು ಬಂದು ನಮ್ಮಲ್ಲಿ ಬರದಿರುವುದಕ್ಕೆ ಇದೇ ಕಾರಣ.

ಡಾರ್ಸಿ ನಿಯಮದ ಒಂದು ಮಾದರಿ ಲೆಕ್ಕ: ಶಿಥಿಲ ಪದರದ ಜಲವಾಹಕತೆ ದಿನಕ್ಕೆ 2 ಮೀಟರ್, ಜಲಮಟ್ಟದ ಇಳಿಜಾರು 0.01, ಪರಿಣಾಮಕಾರಿ ರಂಧ್ರತೆ ಶೇ 5 ಎಂದು ಊಹಿಸೋಣ. ಡಾರ್ಸಿ ವೇಗ ದಿನಕ್ಕೆ 0.02 ಮೀಟರ್. ಅದನ್ನು 0.05ರಿಂದ ಭಾಗಿಸಿದರೆ ನೀರಿನ ನಿಜವಾದ ವೇಗ ದಿನಕ್ಕೆ 0.4 ಮೀಟರ್. ಒಂದು ಕಿ.ಮೀ. ಸಾಗಲು 2,500 ದಿನ, ಅಂದರೆ ಸುಮಾರು ಏಳು ವರ್ಷ. ಇಂದು ಕಬ್ಬಿನ ಗದ್ದೆಗೆ ಹಾಕಿದ ಗೊಬ್ಬರದ ನೈಟ್ರೇಟ್ ಕಿ.ಮೀ. ಆಚೆಯ ಬಾವಿಯಲ್ಲಿ ಕಾಣಿಸಿಕೊಳ್ಳುವ ಹೊತ್ತಿಗೆ ಇಷ್ಟು ಕಾಲ ಕಳೆದಿರಬಹುದು. ರಂಧ್ರತೆಯಿಂದ ಭಾಗಿಸುವುದನ್ನು ಮರೆಯುವುದೇ ಈ ಪ್ರಶ್ನೆಯಲ್ಲಿ ಅಂಕ ಕಳೆಯುವ ಸಾಮಾನ್ಯ ತಪ್ಪು. ಗ್ರಾನೈಟ್ ಸೀಮೆಯ ಆಳದ ನೀರಿನಲ್ಲಿ ಕಾಣುವ ಫ್ಲೋರೈಡ್ ಬಗ್ಗೆಯೂ ಓದಿಕೊಳ್ಳಬೇಕು: ಭಾರತೀಯ ಮಾನಕದ ಪ್ರಕಾರ ಅಪೇಕ್ಷಣೀಯ ಮಿತಿ ಲೀಟರಿಗೆ 1 ಮಿ.ಗ್ರಾಂ., ಬೇರೆ ಮೂಲವಿಲ್ಲದಾಗ ಗರಿಷ್ಠ 1.5 ಮಿ.ಗ್ರಾಂ.

ಇಲ್ಲಿ ಸಿಗದ ಅಧ್ಯಾಯಗಳು

ಈ ನೆಲದಲ್ಲಿ ಜೀವಾವಶೇಷಗಳಿಲ್ಲ. ಪ್ರಾಗ್ಜೀವವಿಜ್ಞಾನ, ಜಲಜಶಿಲೆಗಳು, ಕಲ್ಲಿದ್ದಲು–ತೈಲದ ಅಧ್ಯಾಯಗಳಿಗೆ ಪುಸ್ತಕವೇ ಗತಿ. ಆದರೆ ನೆನಪಿಗೆ ಒಂದು ಸೂತ್ರ ಉಂಟು. ಮಂಡ್ಯವನ್ನು ಹಾದ ಕಾವೇರಿ ತಮಿಳುನಾಡಿನಲ್ಲಿ ಸೇರುವುದು ಕಾವೇರಿ ಸಂಚಯನ ಪ್ರದೇಶವನ್ನು. ಅಲ್ಲಿನ ಅರಿಯಲೂರು–ತಿರುಚಿರಾಪಳ್ಳಿ ಕ್ರಿಟೇಶಿಯಸ್ ಪದರಗಳು ಜೀವಾವಶೇಷಗಳಿಗೆ ಪ್ರಸಿದ್ಧ. ಮುಖಜಭೂಮಿಯ ಅಡಿಯಲ್ಲಿ ತೈಲ ಮತ್ತು ಅನಿಲ ಇವೆ. ಉತ್ತರಕ್ಕೆ ಬಾಗಲಕೋಟೆ ಸೀಮೆಯ ಕಲಾದಗಿ, ಕಲಬುರಗಿ ಸೀಮೆಯ ಭೀಮಾ ಸಂಚಯನ ಪ್ರದೇಶಗಳನ್ನು ಜೋಡಿಸಿಕೊಂಡರೆ ಕರ್ನಾಟಕದ ಸ್ತರವಿಜ್ಞಾನ ಪೂರ್ಣವಾಗುತ್ತದೆ.

ಭಾಷೆ ಮತ್ತು ಪುಸ್ತಕ

ಜಿಯೋ-ಸೈಂಟಿಸ್ಟ್ ಪರೀಕ್ಷೆಯ ಪ್ರಶ್ನೆಪತ್ರಿಕೆಗಳೂ ಉತ್ತರಗಳೂ ಇಂಗ್ಲಿಷಿನಲ್ಲೇ. ಕನ್ನಡ ಮಾಧ್ಯಮದಿಂದ ಬಂದವರು ಹೆದರಬೇಕಿಲ್ಲ. ಪರಿಕಲ್ಪನೆಯನ್ನು ಕನ್ನಡದಲ್ಲಿ ಅರ್ಥ ಮಾಡಿಕೊಂಡು, ಪ್ರತಿದಿನ ಒಂದು ಉತ್ತರವನ್ನು ಇಂಗ್ಲಿಷಿನಲ್ಲಿ ಚಿಕ್ಕ ವಾಕ್ಯಗಳಲ್ಲಿ ಬರೆಯುವ ರೂಢಿ ಸಾಕು. ಅಗ್ನಿಶಿಲೆ, ರೂಪಾಂತರ ಶಿಲೆ, ಸ್ತರಭಂಗ, ಮಡಿಕೆ, ಶಿಥಿಲೀಕರಣ ಮುಂತಾದ ಪದಗಳ ಎದುರು ಇಂಗ್ಲಿಷ್ ಪದ ಬರೆದ ಕೈಪಟ್ಟಿಯೊಂದನ್ನು ತಾವೇ ಸಿದ್ಧಪಡಿಸಿಕೊಳ್ಳುವುದು ಒಳ್ಳೆಯದು. ಅಂಕ ತರುವುದು ಭಾಷೆಯ ಬೆಡಗಲ್ಲ; ಹೆಸರಿಟ್ಟ ಚಿತ್ರ, ಅಡ್ಡಛೇದ ಮತ್ತು ಸರಿಯಾದ ಉದಾಹರಣೆ.

ಭೌತಿಕ ಭೂವಿಜ್ಞಾನಕ್ಕೆ ಆರ್ಥರ್ ಹೋಮ್ಸ್, ರಾಚನಿಕಕ್ಕೆ ಬಿಲ್ಲಿಂಗ್ಸ್, ಶಿಲಾವಿಜ್ಞಾನಕ್ಕೆ ಟಿರೆಲ್, ಅಂತರ್ಜಲಕ್ಕೆ ಟಾಡ್, ಭಾರತದ ಸ್ತರವಿಜ್ಞಾನಕ್ಕೆ ಎಂ.ಎಸ್. ಕೃಷ್ಣನ್ ಮತ್ತು ರವೀಂದ್ರಕುಮಾರ್ ಅವರ ಕೃತಿಗಳು ಇಂದಿಗೂ ಆಧಾರ. ನಮ್ಮ ರಾಜ್ಯಕ್ಕೆ ಬಿ.ಪಿ. ರಾಧಾಕೃಷ್ಣ ಮತ್ತು ಆರ್. ವೈದ್ಯನಾಥನ್ ಅವರ ‘ಜಿಯಾಲಜಿ ಆಫ್ ಕರ್ನಾಟಕ’ ಅನಿವಾರ್ಯ. ಅದನ್ನು ಪ್ರಕಟಿಸಿದ್ದು 1958ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಜಿಯಲಾಜಿಕಲ್ ಸೊಸೈಟಿ ಆಫ್ ಇಂಡಿಯಾ. ಮಂಡ್ಯ ಭಾಗದವರಿಗೆ ಮಾರ್ಗದರ್ಶನಕ್ಕೆ ಹತ್ತಿರವಿರುವುದು ಮಾನಸಗಂಗೋತ್ರಿಯ ಭೂವಿಜ್ಞಾನ ಅಧ್ಯಯನ ವಿಭಾಗ.

ಆರು ತಿಂಗಳ ಕ್ರಮ

* ಸೆಪ್ಟೆಂಬರ್–ಅಕ್ಟೋಬರ್: ಭೌತಿಕ ಭೂವಿಜ್ಞಾನ, ರಾಚನಿಕ, ಖನಿಜವಿಜ್ಞಾನ. ವಾರಕ್ಕೊಂದು ದಿನ ಹೊಲದ ಬಂಡೆಯ ಬಳಿ.
* ನವೆಂಬರ್: ಅಗ್ನಿ, ರೂಪಾಂತರ ಶಿಲೆಗಳು. ರಾಮನಗರ ಮತ್ತು ಕಬ್ಬಾಳಿಗೆ ಒಂದೊಂದು ಭೇಟಿ.
* ಡಿಸೆಂಬರ್: ಜಲಜಶಿಲೆ, ಪ್ರಾಗ್ಜೀವ, ಸ್ತರವಿಜ್ಞಾನ. ಕೋಷ್ಟಕಗಳನ್ನು ಗೋಡೆಗೆ ಅಂಟಿಸಿ ಓದುವುದು ಲೇಸು.
* ಜನವರಿ: ಆರ್ಥಿಕ ಭೂವಿಜ್ಞಾನ, ಅಂತರ್ಜಲ, ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳು, ಕಾಲ ಗೊತ್ತುಮಾಡಿ ಬಿಡಿಸಬೇಕು.
* ಫೆಬ್ರುವರಿ: ಪರೀಕ್ಷೆಯವರೆಗೆ ಪುನರಾವರ್ತನೆ ಮಾತ್ರ, ಹೊಸ ಪುಸ್ತಕ ತೆರೆಯಬಾರದು.

ಕ್ಷೇತ್ರ ಭೇಟಿಗೆ ಒಬ್ಬರೇ ಹೋಗುವುದು ಬೇಡ. ಕಲ್ಲುಗಣಿಗೆ ಅನುಮತಿ ಪಡೆದೇ ಇಳಿಯಬೇಕು. ಶಿವನಸಮುದ್ರದಲ್ಲಿ ನೀರಿನ ಅಂಚಿನ ಬಂಡೆ ಜಾರುತ್ತದೆ. ಮೇಲಿನಿಂದ ನೀರು ಬಿಟ್ಟಾಗ ಮಟ್ಟ ಬೇಗ ಏರುತ್ತದೆ. ಬೆಂಗಳೂರು–ಮೈಸೂರು ಹೆದ್ದಾರಿಯ ಬದಿಯಲ್ಲಿ ಹೊಸದಾಗಿ ಕಡಿದ ಬಂಡೆ ಎಷ್ಟೇ ಆಕರ್ಷಕವಾಗಿದ್ದರೂ ಮುಖ್ಯ ಪಥದಲ್ಲಿ ವಾಹನ ನಿಲ್ಲಿಸಬಾರದು. ಕೆತ್ತನೆ, ಶಾಸನ ಇರುವ ಬಂಡೆಗೆ ಸುತ್ತಿಗೆ ತಾಗಿಸಕೂಡದು.

ಸರ್ವೇಕ್ಷಣಾ ಸಂಸ್ಥೆಗೆ ಆಯ್ಕೆಯಾದವರ ತರಬೇತಿಯ ಒಂದು ಭಾಗ ಚಿತ್ರದುರ್ಗದ ಕ್ಷೇತ್ರ ಕೇಂದ್ರದಲ್ಲಿ ನಡೆಯುತ್ತದೆ. ದೇಶದ ನಾನಾ ಭಾಗಗಳ ಯುವಕ ಯುವತಿಯರು ನಮ್ಮ ನೆಲವನ್ನು ಓದಲೆಂದೇ ಇಲ್ಲಿಗೆ ಬರುತ್ತಾರೆ. ಈ ನೆಲದಲ್ಲೇ ಹುಟ್ಟಿ ಬೆಳೆದವರು ಅದನ್ನು ಓದದೆ ಪರೀಕ್ಷೆಗೆ ಕೂರುವುದು ಸಲ್ಲದು. ಸಂದರ್ಶನದಲ್ಲಿ ‘ನಿಮ್ಮ ಊರಿನ ಕಲ್ಲು ಯಾವುದು?’ ಎಂಬ ಪ್ರಶ್ನೆ ಬಂದರೆ ಅದಕ್ಕೆ ಉತ್ತರ ಪುಸ್ತಕದಲ್ಲಿ ಹುಡುಕಬೇಕಾಗಿ ಬರಬಾರದು. ಅದಕ್ಕಿಂತ ಮುಖ್ಯವಾಗಿ, ನಾಳೆ ಈ ತಾಲ್ಲೂಕುಗಳಲ್ಲಿ ಕೊಳವೆಬಾವಿ ಎಲ್ಲಿ ಕೊರೆಯಬೇಕು, ಗಣಿ ಎಲ್ಲಿ ನಿಲ್ಲಬೇಕು ಎಂದು ಹೇಳಬೇಕಾದವರು ಇಂದು ಈ ಪರೀಕ್ಷೆಗೆ ಓದುತ್ತಿರುವವರೇ.